ರಾತ್ರಿ ಕುಂತು ‘ಮಾಲ್ಗುಡಿ ಡೇಸ್’ ನೋಡೋದು ಹೆಂಗ

ಕಲಬುರಗಿ ಬ್ಯಾಸಿಗ್ಯಾಗ ರಾತ್ರಿ ಹತ್ತಾದ್ರೂ ಗ್ವಾಡಿ ಸುಡ್ತಿರ್ತಾವ, ಹೆಂಗೂ ನಿದ್ದಿ ಬರಂಗಿಲ್ಲ. ಈ ಟಿವಿ ಧಾರಾವಾಹಿ ನೋಡ್ಲಿಕ್ಕ ಹಿಂತಾ ರಾತ್ರಿನೇ ಆರಿಸ್ಕೋರಿ. ಮಧ್ಯಾಹ್ನ ಒಂದ್ ತಾಸು ಮಲಗಿರ್ಬೇಕು. ಕೂಲರಿಗಿ ಮೊದ್ಲೇ ನೀರು ತುಂಬ್ರಿ. ಊಟಕ್ಕ ಒಂದೂವರಿ ರೊಟ್ಟಿ ಸಾಕು; ಹೊಟ್ಟಿ ಬಿರಿಯಂಗ ಉಂಡ್ರ ಕಥಿಯೊಳಗಿನ ಹುಡುಗ ಸ್ವಾಮಿ ಸಾಲಿಗಿ ಹೋಗೋದ್ರಾಗ ನೀವು ಗೊರಕಿ! ನಡುವ ತಿನ್ನಲಿಕ್ಕ ಚುಡವಾ ಇಟ್ಕೋರಿ.

ಮೊದಲು ಸ್ವಾಮಿ ಮತ್ತವನ ಗೆಳೆಯರ ಕಂತು ಹಚ್ರಿ. ಅದರ ಮೂಲ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ, 1935ರದು. ಶಂಕರ್‌ನಾಗ್ ಅದನ್ನ ಆಗುಂಬೆಯಾಗ ತೆಗೆದ್ರು. ಸ್ವಾಮಿ ಪಾತ್ರ ಮಂಜುನಾಥ್‌ದು, ಅವನಪ್ಪನ ಪಾತ್ರ ಗಿರೀಶ್ ಕಾರ್ನಾಡರದು. ಟೈಟಲ್ ಮಾತ್ರ ಓಡಿಸಬ್ಯಾಡ್ರಿ, ಆರ್.ಕೆ. ಲಕ್ಷ್ಮಣರ ಚಿತ್ರ ಅಲ್ಲೇ ಅದಾವ.

ಪುಸ್ತಕ ಓದಿದವರು ‘ಮುಂದ ಏನಾಗ್ತದಂದ್ರ…’ ಅಂತ ಬಾಯಿ ತೆಗೆದ್ರ ಚಾ ಮಾಡ್ಲಿಕ್ಕ ಕಳಸ್ರಿ. ನಮ್ಮ ಮನ್ಯಾಗ ಆ ಕೆಲಸ ಯಾವಾಗ್ಲೂ ನಮ್ಮವರ್ದೇ.