ಗುಜರಿ ಮಾನಿಟರ್‌ನಲ್ಲಿ ವಿಇಪಿ: ನನ್ನ ಅನುಭವ

"ಆರುನೂರು ರೂಪಾಯಿ ಗುಜರಿ ಸಾಮಾನು ಇಟ್ಕೊಂಡು ಎಂಎಸ್ ರಿಸರ್ಚ್ ಮಾಡ್ತೀರಾ?" ಅಂತ ಮಿಷಿನ್ ಕಂಪನಿ ಎಂಜಿನಿಯರ್ ನಮ್ಮ ಮೇಡಂ ಎದುರಿಗೇ ಕೇಳಿದ್ದ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳಿನ ನರಗಳ ಹೊದಿಕೆ ಕೆಡುವ ಕಾಯಿಲೆ. ಮೇಡಂ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಈಗ ಬೇರೆ ಕಡೆ ರೀಡಿಂಗ್ ಸರಿ ಬರದಿದ್ದರೆ ಅದೇ ಹುಡುಗ ನನಗೆ ಫೋನ್ ಮಾಡುತ್ತಾನೆ. ಅದಕ್ಕೇ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನಾನು ಮೈಸೂರಿನಲ್ಲಿ ಹದಿನೇಳು ವರ್ಷದಿಂದ ಇಇಜಿ, ಎನ್‌ಸಿವಿ, ವಿಇಪಿ ಅಂತ ಮಿದುಳು, ನರಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್. ವಿಇಪಿ ಅಂದರೆ ತಲೆಗೆ ಎಲೆಕ್ಟ್ರೋಡ್ ಹಾಕಿ, ಸ್ಕ್ರೀನ್ ಮೇಲೆ ಕಪ್ಪು ಬಿಳಿ ಚೌಕ ಅದಲುಬದಲು ಮಾಡಿ ತೋರಿಸಿ, ಕಣ್ಣಿನ ಸುದ್ದಿ ಮಿದುಳಿಗೆ ಎಷ್ಟು ಮಿಲಿ ಸೆಕೆಂಡಿಗೆ ತಲುಪುತ್ತದೆ ಅಂತ ಅಳೆಯುವುದು. ಮೇಡಂ ನ್ಯೂರಾಲಜಿಸ್ಟ್. ಕಣ್ಣಿನ ನರಕ್ಕೆ ಊತ ಬಂದವರನ್ನು ವರ್ಷಗಟ್ಟಲೆ ಕರೆಸಿ ಕರೆಸಿ ನೋಡುವುದು, ಯಾರಿಗೆ ಮುಂದೆ ಎಂಎಸ್ ಆಗುತ್ತದೆ, ಯಾರದ್ದು ಎನ್‌ಎಂಒ, ಯಾರದ್ದು ಮಾಗ್ (ಎರಡೂ ಎಂಎಸ್ ಥರವೇ ಕಣ್ಣಿನ ನರ ಹಿಡಿಯುವ ಬೇರೆ ಕಾಯಿಲೆಗಳು) ಅಂತ ಬರೆದಿಡುವುದು ಅವರ ಸ್ಟಡಿ. ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕಿತ್ತು, ದುಡ್ಡು ಸಿಕ್ಕಿರಲಿಲ್ಲ. ಅಮೆರಿಕದವರು 1988ರಿಂದ 457 ಜನರನ್ನು ಸೇರಿಸಿ ಮಾಡಿದ ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಊತ) ಟ್ರಯಲ್ ಒಂದಿದೆ. 15 ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಅರ್ಧದಷ್ಟು ಜನಕ್ಕೆ ಎಂಎಸ್ ಆಗಿತ್ತು. ಮೊದಲ ಎಂಆರ್‌ಐ ಕ್ಲೀನ್ ಇದ್ದವರಲ್ಲಿ ನೂರಕ್ಕೆ 25, ಒಂದಾದರೂ ಮಚ್ಚೆ ಇದ್ದವರಲ್ಲಿ 72. "ಅದು ಅವರೂರ ಲೆಕ್ಕ, ನಮ್ಮೂರ ಲೆಕ್ಕ ಬೇಡ್ವಾ?" ಅನ್ನೋದು ಮೇಡಂ ಮಾತು.

ನನ್ನ ತಲೆನೋವು ಬೇರೆ ಇತ್ತು. ಹಳೇ ಮಿಷಿನ್ ಹೋಗಿ ಹೊಸದು ಬಂದಾಗ ಜೊತೆಗೆ ಎಲ್‌ಸಿಡಿ ಸ್ಕ್ರೀನ್ ಬಂತು. ಅವತ್ತಿನಿಂದ ಎಲ್ಲರ ಪಿ-100 (ನೂರು ಮಿಲಿ ಸೆಕೆಂಡ್ ಆಸುಪಾಸಿಗೆ ಏಳಬೇಕಾದ ತರಂಗ) ತಡ. ಪೇಷಂಟ್‌ದೂ ತಡ, ಪೇಷಂಟ್ ಕರೆದುಕೊಂಡು ಬಂದ ಅಳಿಯನದೂ ತಡ. ನನ್ನ ಕಣ್ಣಿಗೇ ಹಾಕಿಕೊಂಡು ನೋಡಿದೆ, 120ರ ಹತ್ತಿರ ಬಂತು. ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ. ನಮಗೇ ಎಂಎಸ್ ಇರಬಹುದಾ ಅಂತ ಒಂದು ವಾರ ಸುಮ್ನೆ ಒದ್ದಾಡಿದ್ದೇನೆ.

"ಎರಡು ಕಣ್ಣಿನ ವ್ಯತ್ಯಾಸ ನೋಡ್ಕೊಳಿ ಸಾಕು" ಅಂತ ಒಬ್ಬರು ಸಲಹೆ ಕೊಟ್ಟರು. ಒಂದೇ ಕಣ್ಣಿಗೆ ಬಂದಿದ್ದರೆ ಅದು ಸರಿಯೇ. ಸ್ಕ್ರೀನ್ ತಡ ಮಾಡಿದರೆ ಎರಡೂ ಕಣ್ಣಿಗೆ ಒಂದೇ ತಡ, ಕಳೆದರೆ ಹೋಗುತ್ತದೆ. ಆದರೆ ಎನ್‌ಎಂಒ, ಮಾಗ್ ಕೇಸುಗಳು ಎಷ್ಟೋ ಸಲ ಎರಡೂ ಕಣ್ಣು ಹಿಡಿದೇ ಬರುತ್ತವೆ. ಅಲ್ಲಿ ವ್ಯತ್ಯಾಸ ನೋಡಿ ಏನು ಮಾಡೋದು? ಎರಡೂ ಕಾಲು ಕುಂಟುವವನನ್ನು ಯಾವ ಕಾಲಿಗೆ ಹೋಲಿಸ್ತೀರಿ?

ಕೊನೆಗೆ ಸ್ಕ್ರೀನ್ ಮೇಲೇ ಅನುಮಾನ ಬಂತು. ಅಗ್ರಹಾರದ ಕಡೆ ಟಿವಿ ರಿಪೇರಿ ಮಾಡುವ ಗೆಳೆಯನ ಹತ್ತಿರ ಹಳೇ ಆಸಿಲೋಸ್ಕೋಪ್ (ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಮಿಷಿನ್) ಇತ್ತು. ನೂರಿನ್ನೂರು ರೂಪಾಯಿಯ ಫೋಟೋಡಯೋಡ್ (ಬೆಳಕು ಬದಲಾದದ್ದನ್ನು ಹಿಡಿಯುವ ಬಿಡಿಭಾಗ) ತಂದು ಸ್ಕ್ರೀನ್ ನಡುವಿಗೆ ಟೇಪ್ ಹಾಕಿ ಅಂಟಿಸಿದೆವು. ಒಂದು ಚಾನೆಲ್‌ಗೆ ಮಿಷಿನ್‌ನ ಟ್ರಿಗರ್, ಇನ್ನೊಂದಕ್ಕೆ ಡಯೋಡ್. ನೋಡಿದರೆ, ಮಿಷಿನ್ "ಚೌಕ ಬದಲಾಯ್ತು" ಅಂತ ಹೇಳಿ ಇಪ್ಪತ್ತು ಮಿಲಿ ಸೆಕೆಂಡ್ ಆದಮೇಲೆ ಸ್ಕ್ರೀನ್ ಬದಲಾಗುತ್ತಿದೆ! ಗೆಳೆಯ ಟೀ ಲೋಟ ಕೆಳಗಿಟ್ಟು "ನಿನ್ನ ಪೇಷಂಟ್‌ಗಿಂತ ನಿನ್ನ ಟೀವಿಗೇ ಕಾಯಿಲೆ ಜಾಸ್ತಿ ಕಣೋ" ಅಂದ.

ಇಪ್ಪತ್ತು ಕಳೆದುಬಿಟ್ಟರೆ ಆಯ್ತಲ್ವಾ ಅಂತ ನೀವು ಕೇಳ್ತೀರಿ. ನಾನೂ ಹಾಗೇ ಮಾಡಿದೆ. ಬೆಳಿಗ್ಗೆ ಸ್ಕ್ರೀನ್ ತಣ್ಣಗಿದ್ದಾಗ ಒಂದು ಲೆಕ್ಕ, ಮಧ್ಯಾಹ್ನ ಬಿಸಿಯಾದಮೇಲೆ ಇನ್ನೊಂದು. ಅದರ ಜೊತೆಗೆ ಕಪ್ಪು ಬಿಳಿಯಾಗೋದು ನಿಧಾನ, ಬಿಳಿ ಕಪ್ಪಾಗೋದು ಬೇಗ. ಹಾಗಾಗಿ ಪ್ರತಿ ಸಲ ಚೌಕ ತಿರುಗಿದಾಗ ಇಡೀ ಸ್ಕ್ರೀನ್ ಒಂದು ಚಣ ಮಂಕಾಗಿ ಮಿನುಗುತ್ತದೆ. ಚೌಕಕ್ಕೆ ಬರುವ ಪ್ಯಾಟರ್ನ್ ವಿಇಪಿ ಜೊತೆ ಬೆಳಕಿನ ಮಿಂಚಿಗೆ ಬರುವ ಫ್ಲ್ಯಾಶ್ ವಿಇಪಿಯೂ ಸ್ವಲ್ಪ ಬೆರೆತ ಹಾಗೆ. ಹಾಲಿಗೆ ಮಜ್ಜಿಗೆ ಬಿದ್ದಮೇಲೆ ಬೇರೆ ಮಾಡೋಕಾಗುತ್ತಾ?

ಆದರೂ ಹಟಕ್ಕೆ ಬಿದ್ದು ಅದೇ ಎಲ್‌ಸಿಡಿಯಲ್ಲಿ ನಮ್ಮದೇ ನಾರ್ಮಲ್ ಲೆಕ್ಕ ತೆಗೆಯೋಣ ಅಂತ ಕಾಯಿಲೆ ಇಲ್ಲದ ನಲವತ್ತು ಜನರಿಗೆ ವಿಇಪಿ ಮಾಡಿದೆ. ಒಬ್ಬೊಬ್ಬರಿಗೂ ಬಸ್ ಚಾರ್ಜು, ಮಸಾಲೆ ದೋಸೆ, ಕಾಫಿ. ಆರು ಸಾವಿರದ ಮೇಲೆ ಕೈ ಬಿಟ್ಟಿತು. ಒಂದು ಸಂಜೆ ಗುಡುಗು ಮಳೆ, ವೋಲ್ಟೇಜ್ ಎಗರಿ ಸ್ಕ್ರೀನ್ ಸುಟ್ಟುಹೋಯಿತು. ಅದೇ ಮಾಡೆಲ್ ಸಿಗಲಿಲ್ಲ. ಹೊಸ ಮಾಡೆಲ್‌ನ ತಡವೇ ಬೇರೆ. ನಲವತ್ತು ಜನರ ದೋಸೆ ನೀರಲ್ಲಿ ಹೋಮ. ಕಂಪನಿಯವರು ವಿಇಪಿಗೆಂದೇ ಮಾಡಿದ ಸ್ಟಿಮ್ಯುಲೇಟರ್‌ಗೆ ಒಂದು ಲಕ್ಷದ ಎಂಬತ್ತು ಸಾವಿರದ ಆಸುಪಾಸು ಕೊಟೇಶನ್ ಕೊಟ್ಟರು. ಮೇಡಂ ಆ ಹಾಳೆ ಮಡಚಿ ಡ್ರಾಯರ್‌ಗೆ ಹಾಕಿದರು.

ಆಗ ಹೊಳೆದದ್ದು ಹಳೇ ಡಬ್ಬಾ ಮಾನಿಟರ್, ಸಿಆರ್‌ಟಿ. ಮಂಡಿ ಮೊಹಲ್ಲಾ ಕಡೆಯ ಗುಜರಿಯಲ್ಲಿ 17 ಇಂಚಿನದು ಮೂರು ಸಿಕ್ಕವು, ಮೂರೂ ಒಂದೇ ಮಾಡೆಲ್. ಅಂಗಡಿ ಸಾಬರು ತಲಾ 600 ಅಂದರು, ಮೂರಕ್ಕೆ 1,500ಕ್ಕೆ ಇಳಿಸಿದೆ. ಅದರಲ್ಲೊಂದು, ಮನೆಗೆ ತಂದ ದಿನವೇ ಹೊಗೆ ಬಿಟ್ಟಿತು. ಡಯೋಡ್ ಇಟ್ಟು ನೋಡಿದೆ. ಸಿಆರ್‌ಟಿ ತಡವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೆರೆ ಮೇಲಿಂದ ಕೆಳಗೆ ಇಳಿದು ಬರಬೇಕಲ್ಲ. 75 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ 13 ಮಿಲಿ ಸೆಕೆಂಡ್, ನಡುಭಾಗಕ್ಕೆ ಬರುವಾಗ ಆರೂವರೆ ಆಗಿರುತ್ತದೆ. ಆದರೆ ಬೆಳಿಗ್ಗೆ ನೋಡಿ, ಸಂಜೆ ನೋಡಿ, ಆ ಆರೂವರೆ ಅಲುಗಾಡುವುದಿಲ್ಲ. ನನಗೆ ಬೇಕಿದ್ದದ್ದೇ ಅದು.

ಇಲ್ಲೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಅಭ್ಯಾಸಬಲದಿಂದ ಕುರ್ಚಿಯನ್ನು ಒಂದು ಮೀಟರ್ ದೂರಕ್ಕೇ ಹಾಕಿದ್ದೆ. 17 ಇಂಚಿನ ಡಬ್ಬಾದಲ್ಲಿ ಚಿತ್ರದ ಎತ್ತರ 24 ಸೆಂಟಿಮೀಟರ್ ಮಾತ್ರ. ಒಂದು ಮೀಟರ್‌ಗೆ ಅದು ಕಣ್ಣಿಗೆ 14 ಡಿಗ್ರಿ ಕೋನವೂ ಮುಟ್ಟುವುದಿಲ್ಲ, ಇಸ್ಕೆವ್ (ಇಂಥ ಕಣ್ಣಿನ ಪರೀಕ್ಷೆಗಳಿಗೆ ನಿಯಮ ಹಾಕುವ ಅಂತರರಾಷ್ಟ್ರೀಯ ಸಂಘ) ಸ್ಟ್ಯಾಂಡರ್ಡ್ ಕೇಳೋದು ಕನಿಷ್ಠ 15. ಕುರ್ಚಿ 80 ಸೆಂಟಿಮೀಟರ್‌ಗೆ ಎಳೆದು, ಒಂದು ಡಿಗ್ರಿಯ ಚೌಕ 14 ಮಿಲಿಮೀಟರ್, ಕಾಲು ಡಿಗ್ರಿಯದು ಮೂರೂವರೆ ಮಿಲಿಮೀಟರ್ ಮಾಡಿ ಕೂರಿಸಿದೆ. ನೆಲಕ್ಕೆ ಪೇಂಟ್‌ನಲ್ಲಿ ಗೆರೆ ಎಳೆದಿದ್ದೇನೆ. ಕಸ ಗುಡಿಸುವ ಅಮ್ಮ "ಇದೇನ್ ಸಾ, ಲಕ್ಷ್ಮಣರೇಖೆ?" ಅಂತಾರೆ.

ಇನ್ನು ತಲೆ. ಎಲೆಕ್ಟ್ರೋಡ್ ಕೂರಿಸುವ ಜಾಗಕ್ಕೆ ಓಝಡ್ ಅಂತಾರೆ. ಪುಸ್ತಕದಲ್ಲಿ ಓಝಡ್ ಅಂದರೆ ಇನಿಯನ್‌ನಿಂದ (ತಲೆ ಹಿಂದಿನ ಮೂಳೆಯ ಉಬ್ಬು), ಮೂಗಿನ ಬುಡದಿಂದ ಅಲ್ಲಿಗಿರುವ ದೂರದ ಹತ್ತು ಪರ್ಸೆಂಟ್ ಮೇಲೆ, ಮುಗಿಯಿತು. ಮಂಡ್ಯ ಕಡೆಯ ಹೆಣ್ಣುಮಗಳ ತಲೆಯಲ್ಲಿ ಓಝಡ್ ಮೇಲೆ ಏನಿರುತ್ತೆ ಅಂತ ಆ ಪುಸ್ತಕ ಬರೆದವರಿಗೆ ಗೊತ್ತಿಲ್ಲ. ಆಸ್ಪತ್ರೆಗೆ ಹೋಗೋದು ಅಂತ ಬೆಳಿಗ್ಗೆ ಎದ್ದು ಅಂಗೈ ತುಂಬ ಹರಳೆಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಸರಿಯಾಗಿ ಅದೇ ಜಾಗಕ್ಕೆ ಒಂದು ಮೊಳ ಕನಕಾಂಬರ ಸಿಕ್ಕಿಸಿಕೊಂಡು ಬರುತ್ತಾರೆ. ಹೂವು ತೆಗೀರಿ ಅಂದರೆ ಮುಖ ಸಣ್ಣ ಮಾಡುತ್ತಾರೆ. ಅದಕ್ಕೆ ಒಂದು ಸ್ಟೀಲ್ ತಟ್ಟೆ, ಮೇಲೆ ಒದ್ದೆ ಬಟ್ಟೆ ಇಟ್ಟಿದ್ದೇನೆ. ಹೂವು ಅಲ್ಲಿಡೋದು, ಮುಗಿದಮೇಲೆ ನಾನೇ ಕೈಗೆ ಕೊಡೋದು. ಎಣ್ಣೆಗೆ ಎರಡು ರೂಪಾಯಿ ಶಾಂಪೂ ಪ್ಯಾಕೆಟ್, ಹೊರಗೆ ನಲ್ಲಿ. ಅಷ್ಟು ಮಾಡಿದರೆ ಇಂಪಿಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ತಡೆ) ಐದು ಕಿಲೋ ಓಮ್ ಒಳಗೆ ಬರುತ್ತದೆ. ದಪ್ಪ ಕೂದಲಲ್ಲಿ ಕಪ್ ಎಲೆಕ್ಟ್ರೋಡ್ ಅಲುಗಾಡದ ಹಾಗೆ ಕೂರಿಸಲು ನನ್ನದೊಂದು ಉಪಾಯ ಇದೆ. ಅದು ಹೇಳುವುದಿಲ್ಲ. ಬಂದು ಟೀ ಕೊಡಿಸಿದರೆ ತೋರಿಸುತ್ತೇನೆ.

ಮಂಡ್ಯದಲ್ಲಿ ತಿಂಗಳಿಗೆರಡು ದಿನ ಒಂದು ಬಾಡಿಗೆ ರೂಮಿನಲ್ಲಿ ಮಾಡುತ್ತಿದ್ದೆವು. ಅಲ್ಲಿ ಮೊದಲ ಮೂರು ಸಲವೂ ವೇಸ್ಟ್. ತರಂಗವೇ ಕಾಣದು, ಬರೀ ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ, ಗರಗಸದ ಹಲ್ಲಿನ ಹಾಗೆ. ವಯರ್ ಬದಲಾಯಿಸಿದೆ, ಯುಪಿಎಸ್‌ಗೆ 9,000 ಸುರಿದೆ. ಕೊನೆಗೆ ಪಾಂಡವಪುರ ಕಡೆಯ ಒಬ್ಬ ರೈತ, ಪೇಷಂಟ್ ಜೊತೆ ಬಂದವರು, ಗೋಡೆ ಪಕ್ಕ ಬಗ್ಗಿ ನೋಡಿ, "ಸಾ, ಅರ್ಥಿಂಗೇ ಇಲ್ವಲ್ಲ ಇಲ್ಲಿ. ನಮ್ ಪಂಪ್‌ಸೆಟ್ ಮನೇಲೇ ಇದಕ್ಕಿಂತ ವೈನಾಗದೆ" ಅಂದರು. ಹಿತ್ತಿಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ದಿನಾ ಒಂದು ಬಿಂದಿಗೆ ನೀರು ಹಾಕಿಸಿದೆವು. ಆರು ಸಾವಿರ ಚಿಲ್ಲರೆ. ಗರಗಸ ಮಾಯ.

ನಾರ್ಮಲ್ ಲೆಕ್ಕ ಮತ್ತೆ ಸೊನ್ನೆಯಿಂದ. ಈ ಸಲ ಅರವತ್ತು ಚಿಲ್ಲರೆ ಜನ, ಎಲ್ಲರಿಂದಲೂ ಸಹಿ ಹಾಕಿಸಿ. ಏಳೆಂಟು ಜನರನ್ನು ತೆಗೆದುಹಾಕಬೇಕಾಯಿತು. ಇಬ್ಬರು ಕನ್ನಡಕ ಬಸ್ಸಲ್ಲಿ ಬಿಟ್ಟು ಬಂದಿದ್ದರು, ನಾನು ಕೇಳಲೂ ಇಲ್ಲ. ಕನ್ನಡಕ ಇಲ್ಲದಿದ್ದರೆ ಸಣ್ಣ ಚೌಕ ಕರಗಿಹೋಗಿ ರೀಡಿಂಗ್ ಕಾಯಿಲೆಯವರ ಥರ ಬರುತ್ತದೆ. ಒಬ್ಬರು ಬೇರೆ ಕಡೆ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿಸಿಕೊಂಡು ನೇರ ಇಲ್ಲಿಗೆ ಬಂದಿದ್ದರು. ಇನ್ನೊಬ್ಬ ಯುವಕ ದಸರಾ ಲೈಟಿಂಗ್ ನೋಡಿ ನಿದ್ದೆಗೆಟ್ಟು ಬಂದು ಕುರ್ಚಿಯಲ್ಲೇ ಗೊರಕೆ. ಉಳಿದವರ ಸರಾಸರಿ 102ರ ಸುತ್ತ, ಮೇಲಿನ ಮಿತಿ 114 ಅಂತ ಇಟ್ಟುಕೊಂಡೆವು. ಐವತ್ತು ದಾಟಿದವರಿಗೆ ಬೇರೆ ಸಾಲು. ನಮ್ಮ ಪೇಷಂಟ್‌ಗಳಲ್ಲಿ ಐದಾರು ಜನ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಮಾಡಿಸಿದ್ದರು. ಎರಡೂ ಕಡೆಯ ಲೆಕ್ಕಕ್ಕೆ ಒಂದೆರಡು ಮಿಲಿ ಸೆಕೆಂಡ್ ಅಷ್ಟೇ ಫರಕು. ಆ ಹಾಳೆಗಳನ್ನು ಮೇಡಂ ಟೇಬಲ್ ಮೇಲೆ ಬೇಕಂತಲೇ ಎರಡು ದಿನ ಬಿಟ್ಟಿದ್ದೆ.

ನಡುವೆ ಆಟಗಳನ್ನೂ ಆಡಿದೆ. ನಿಂಬೆಹಣ್ಣಿಗೆ ದಾರ ಕಟ್ಟಿ ಎಡಕ್ಕೂ ಬಲಕ್ಕೂ ತೂಗುವುದು, ಪೇಷಂಟ್ ಎರಡೂ ಕಣ್ಣಲ್ಲಿ ನೋಡುವುದು. ಒಂದು ಕಣ್ಣಿನ ಸುದ್ದಿ ಮಿದುಳಿಗೆ ತಡವಾಗಿ ಹೋದರೆ ಹಣ್ಣು ನೇರ ತೂಗಿದ ಹಾಗೆ ಕಾಣದು. ಒಬ್ಬ ಅಜ್ಜಿ ಹೇಳಿದ್ದು: "ಇದು ಗಾಣದೆತ್ತಿನಂಗೆ ಸುತ್ತಾಕ್ತಾ ಅದೆ ಕಣಪ್ಪ." ಪುಲ್‌ಫ್ರಿಚ್ ಅಂತ ಜರ್ಮನಿಯವರು 1922ರಲ್ಲಿ ಇದನ್ನು ವಿವರಿಸಿದ್ದು. ಪಾಪ, ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ತಾವು ಬರೆದದ್ದನ್ನು ತಾವೇ ನೋಡುವ ಹಾಗಿರಲಿಲ್ಲ. ನಿಮಗೆ ಕಾಯಿಲೆ ಇಲ್ಲದಿದ್ದರೆ ಒಂದು ಕಣ್ಣಿಗೆ ಮಾತ್ರ ಕೂಲಿಂಗ್ ಗ್ಲಾಸ್ ಹಿಡಿದು ನೋಡಿ, ಗಾಣ ತಿರುಗುತ್ತದೆ. ವಿಇಪಿ ತಡ ಇದ್ದರೂ ಹಣ್ಣು ನೇರವಾಗಿ ಕಂಡವರು ಬಹಳ ಜನ, ಹಾಗಾಗಿ ಸ್ಟಡಿಗೆ ಸೇರಿಸಲಿಲ್ಲ.

ಕುಂಕುಮದ ಡಬ್ಬಿಯ ಕೆಂಪು ಮುಚ್ಚಳ ಮಾತ್ರ ಮೇಜಿನ ಮೇಲೆ ಕಾಯಂ ಉಳಿಯಿತು. ಕಣ್ಣಿನ ನರ ಕೆಟ್ಟರೆ ಕೆಂಪು ಮಾಸಿದ ಹಾಗೆ ಕಾಣುತ್ತದೆ. "ಈ ಕಣ್ಣಲ್ಲಿ ಕುಂಕುಮ, ಆ ಕಣ್ಣಲ್ಲಿ ಇಟ್ಟಿಗೆ ಬಣ್ಣ" ಅಂದರೆ ಎಲೆಕ್ಟ್ರೋಡ್ ಹಾಕುವ ಮುಂಚೆಯೇ ನನಗೆ ಅರ್ಧ ಗೊತ್ತಾಗುತ್ತದೆ. ಮಸುಕು ಅಕ್ಷರದ ಚಾರ್ಟನ್ನು ಕನ್ನಡದಲ್ಲಿ ಮಾಡಲು ಹೋಗಿ ಮಂಗ ಆದೆ. ನಮ್ಮ ಅಕ್ಷರ ಎಲ್ಲ ದುಂಡಗೆ. ಠ ಓದಿದವರು ರ ಅಂತಾರೆ, ರ ಇದ್ದರೆ ಠ. ಅದರ ಮೇಲೆ ಜೆರಾಕ್ಸ್ ಅಂಗಡಿ ಪ್ರಿಂಟರ್ ಎರಡೂವರೆ ಪರ್ಸೆಂಟ್ ಬೂದು ಹಾಕು ಅಂದರೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ ಹಾಕಿಕೊಟ್ಟಿತು. ಎಂಟುನೂರು ರೂಪಾಯಿ ದಂಡ.

ಮದ್ದೂರು ಕಡೆಯ ಒಬ್ಬ ಹೆಣ್ಣುಮಗಳ ಕೇಸು ಮರೆಯುವ ಹಾಗಿಲ್ಲ. ಕಾಲು ಜೋಮು ಅಂತ ಬಂದವಳು. ಎರಡೂ ಕಣ್ಣು 6/6, ಅಂದರೆ ದೃಷ್ಟಿ ಸರಿ. ಎಂಆರ್‌ಐಯಲ್ಲಿ ಮಚ್ಚೆ ಇವೆ, ಆದರೆ ಎಂಎಸ್ ಅನ್ನಲು ಲೆಕ್ಕ ಕೂಡುತ್ತಿಲ್ಲ. ವಿಇಪಿ ಮಾಡಿದೆ. ಬಲ 101, ಎಡ 131. ಚೆಂದದ ತರಂಗ, ಎತ್ತರ ಸರಿಯಿದೆ, ಬಂದದ್ದು ಮಾತ್ರ ತಡ. ಮತ್ತೆ ಮಾಡಿದೆ, 130. "ಯಾವತ್ತಾದರೂ ಈ ಕಣ್ಣು ಮಂಜಾಗಿತ್ತಾ ತಾಯಿ?" ಅಂದೆ. ಇಲ್ಲ ಅಂದಳು. ಹೂವು ಮುಡಿಯುತ್ತಾ ಮುಡಿಯುತ್ತಾ ನಿಂತು, "ಅಣ್ಣಾ, ತಂಗಿ ಮದುವೇಲಿ ಒಂದು ವಾರ ಕಣ್ಣು ತಿರುಗಿಸಿದ್ರೆ ನೋಯ್ತಿತ್ತು, ಹೊಗೆ ತಾಗಿರಬೇಕು ಅಂತ ಡ್ರಾಪ್ಸ್ ಹಾಕ್ಕೊಂಡೆ" ಅಂದಳು. ಎರಡು ವರ್ಷದ ಹಿಂದಿನ ಮಾತು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಆ ಕಣ್ಣು ಮಸುಕಾಗಿ, ಕೂತು ತಣ್ಣಗಾದರೆ ಸರಿಹೋಗುತ್ತಂತೆ. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಉಥಾಫ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರ್ 1890ರಲ್ಲೇ ಬರೆದಿಟ್ಟಿರುವ ಲಕ್ಷಣ.

ಆಗ 2017ರ ಮೆಕ್‌ಡೊನಾಲ್ಡ್ ಮಾನದಂಡ (ಎಂಎಸ್ ಹೌದಾ ಅಲ್ಲವಾ ಅಂತ ತೀರ್ಮಾನಿಸುವ ನಿಯಮ) ನಡೆಯುತ್ತಿತ್ತು, ಅದರಲ್ಲಿ ಕಾಯಿಲೆಯ ಗುರುತು ಹುಡುಕುವ ಜಾಗಗಳ ಪಟ್ಟಿಯಲ್ಲಿ ಕಣ್ಣಿನ ನರ ಇರಲಿಲ್ಲ. "131 ಬಂದರೆ ಏನು ಮಾಡ್ತೀರಿ, ಫ್ರೇಮ್ ಹಾಕಿಸ್ತೀರಾ?" ಅಂತ ಒಬ್ಬ ಸೀನಿಯರ್ ಡಾಕ್ಟರ್ ನಕ್ಕಿದ್ದರು. 2024ರ ಪರಿಷ್ಕರಣೆಯಲ್ಲಿ ಕಣ್ಣಿನ ನರ ಐದನೇ ಜಾಗ ಆಗಿದೆ, ವಿಇಪಿ, ಒಸಿಟಿ (ಕಣ್ಣಿನ ಒಳಪರದೆಯ ಸ್ಕ್ಯಾನ್) ಎರಡಕ್ಕೂ ಬೆಲೆ ಬಂದಿದೆ. ಈಗ ಅವರ ಪೇಷಂಟ್‌ಗಳೂ ನಮ್ಮ ಪೇಂಟ್ ಗೆರೆ ಮೇಲಿನ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಏನೂ ಅನ್ನಲ್ಲ. ರಿಪೋರ್ಟ್‌ನ ಅಂಕಿ ಸ್ವಲ್ಪ ದಪ್ಪಕ್ಕೆ ಪ್ರಿಂಟ್ ಹಾಕಿಸುತ್ತೇನೆ, ಅಷ್ಟೇ.

ವಿಇಪಿ ತಡ ಇದ್ದ ಮಾತ್ರಕ್ಕೆ ಎಂಎಸ್ ಅಂತ ಹೊರಟುಬಿಡಬೇಡಿ. ಗ್ಲಾಕೋಮಾ ಇದ್ದರೂ, ನರದ ಮೇಲೆ ಗಡ್ಡೆ ಒತ್ತಿದರೂ ಕೆಡುತ್ತದೆ. ನಮ್ಮಲ್ಲಿ ಎನ್‌ಎಂಒ ಅಂತ ರಕ್ತದಲ್ಲಿ ಖಚಿತವಾದವರಲ್ಲಿ ಹೆಚ್ಚಾಗಿ ಕಂಡದ್ದು ತಡ ಅಲ್ಲ, ತರಂಗವೇ ನೆಲ ಹಿಡಿದದ್ದು. ಅದನ್ನೆಲ್ಲ ತೂಗಿ ನೋಡುವುದು ಮೇಡಂ ಕೆಲಸ.

ಒಟ್ಟು ಖರ್ಚು, ದಂಡ ಹೋದದ್ದೂ ಸೇರಿ, ಮೂವತ್ತೈದು ನಲವತ್ತು ಸಾವಿರ ಆಗಿರಬೇಕು. ಲೆಕ್ಕದ ಪುಸ್ತಕ ಮೇಡಂ ಹತ್ತಿರ ಇದೆ. ಈಗಿನ ಚಿಂತೆ ಬೇರೆ. ಕ್ಲಿನಿಕ್‌ನಲ್ಲಿರುವ ಮಾನಿಟರ್‌ನ ಚಿತ್ರ ಒಂದು ಮೂಲೆಯಲ್ಲಿ ಮುದುಡುತ್ತಿದೆ. ಉಳಿದಿರುವ ಒಂದು ಸ್ಪೇರ್ ನಮ್ಮ ಮನೆ ಮಂಚದ ಕೆಳಗಿದೆ, ಹೆಂಡತಿ ಪ್ರತಿ ಹಬ್ಬಕ್ಕೂ ಅದನ್ನು ಆಚೆ ಹಾಕಿ ಅಂತಾಳೆ. 17 ಇಂಚಿನದು, ಟ್ಯೂಬ್ ಚೆನ್ನಾಗಿರೋದು ಯಾರ ಮನೆ ಅಟ್ಟದ ಮೇಲಾದರೂ ಇದ್ದರೆ ಗುಜರಿಗೆ ಹಾಕಬೇಡಿ. 600 ಕೊಟ್ಟು ನಾನೇ ಬಂದು ತಗೊಂಡು ಹೋಗುತ್ತೇನೆ, ಆಟೋ ಚಾರ್ಜು ನನ್ನದೇ.