ಜೇಸನ್ ಕೇಳಿದಾಗ ಎಚ್‌ಟಿಎಂಎಲ್ ಬಂದರೆ: ವೆಬ್ ಸರ್ವಿಸ್‌ನ ಉತ್ತರವನ್ನು ಓದುವ ಕ್ರಮ

ವೆಬ್ ಸರ್ವಿಸ್‌ನಿಂದ ಜೇಸನ್ (ಪ್ರೋಗ್ರಾಂಗಳು ದತ್ತಾಂಶ ವಿನಿಮಯಕ್ಕೆ ಬಳಸುವ ಪಠ್ಯರೂಪ) ಬರುತ್ತದೆಂದು ನಂಬಿ ಉತ್ತರವನ್ನು ನೇರವಾಗಿ ಪಾರ್ಸರ್‌ಗೆ, ಅಂದರೆ ಪಠ್ಯವನ್ನು ಬಿಡಿಸಿ ದತ್ತಾಂಶವಾಗಿಸುವ ಭಾಗಕ್ಕೆ, ಒಪ್ಪಿಸುವ ಪ್ರೋಗ್ರಾಂ, ಬಂದದ್ದು ಎಚ್‌ಟಿಎಂಎಲ್ ಪುಟವಾಗಿದ್ದರೆ ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತದೆ. ಆಗ ಜಾವಾಸ್ಕ್ರಿಪ್ಟ್ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎನ್ನುತ್ತದೆ, ಪೈಥಾನ್ ‘ಜೇಸನ್ ಡಿಕೋಡ್ ಎರರ್’ ಎನ್ನುತ್ತದೆ. ಏನು ನಡೆಯಿತೆಂಬುದು ಎರಡರಿಂದಲೂ ತಿಳಿಯುವುದಿಲ್ಲ. ತಾನು ಕಳುಹಿಸುತ್ತಿರುವುದು ಯಾವ ಬಗೆಯ ದತ್ತಾಂಶವೆಂದು ಸರ್ವರ್ ಸಾಮಾನ್ಯವಾಗಿ ಕಂಟೆಂಟ್-ಟೈಪ್ ಹೆಡರ್‌ನಲ್ಲಿ (ಒಡಲಿಗೆ ಮುಂಚೆ ಬರುವ ವಿವರದ ಸಾಲಿನಲ್ಲಿ) ಮೊದಲೇ ಹೇಳಿರುತ್ತದೆ. ಅದನ್ನು ಓದದೆ ಪಾರ್ಸ್ ಮಾಡಬಾರದು.

ಮೊದಲು ಸ್ಟೇಟಸ್ ಕೋಡ್ (ಕೋರಿಕೆ ಏನಾಯಿತೆಂದು ಹೇಳುವ ಮೂರಂಕಿಯ ಸಂಖ್ಯೆ), ಅನಂತರ ಉತ್ತರವು ಅಂತಿಮವಾಗಿ ಯಾವ ವಿಳಾಸದಿಂದ ಬಂತೆಂಬುದು, ಅದಾದ ಮೇಲೆ ಕಂಟೆಂಟ್-ಟೈಪ್, ಎಲ್ಲಕ್ಕೂ ಕೊನೆಯಲ್ಲಿ ಉತ್ತರದ ಒಡಲು, ಇದು ಸರಿಯಾದ ಕ್ರಮ. 204 ಬಂದರೆ ಒಡಲೇ ಇರುವುದಿಲ್ಲವಾದ್ದರಿಂದ ಪಾರ್ಸ್ ಮಾಡುವ ಪ್ರಶ್ನೆ ಏಳದು. ಕಂಟೆಂಟ್-ಟೈಪನ್ನು ಇಡೀ ಸ್ಟ್ರಿಂಗ್ ಆಗಿ ಹೋಲಿಸಕೂಡದು. ಅರ್ಧವಿರಾಮದ ನಂತರ, ಅಕ್ಷರಗಳನ್ನು ಬೈಟ್‌ಗಳಾಗಿಸಿದ ವಿಧಾನ ಹೇಳುವ ಚಾರ್‌ಸೆಟ್‌ನಂಥ ಪ್ಯಾರಾಮೀಟರ್‌ಗಳು ಇರಬಹುದು, ಬಗೆಯ ಹೆಸರಿನಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರಗಳ ಭೇದವೂ ಇಲ್ಲ. ‘ಅಪ್ಲಿಕೇಶನ್/ಜೇಸನ್’ ಅಲ್ಲದೆ ‘+ಜೇಸನ್’ ಎಂದು ಮುಗಿಯುವ ಬಗೆಗಳನ್ನೂ ಒಪ್ಪಬೇಕು, ಏಕೆಂದರೆ 2023ರ ಆರ್‌ಎಫ್‌ಸಿ 9457 ಎಂಬ ಅಂತರ್ಜಾಲ ಮಾನದಂಡದ ಪ್ರಕಾರ ದೋಷದ ವಿವರಗಳು ‘ಅಪ್ಲಿಕೇಶನ್/ಪ್ರಾಬ್ಲಮ್+ಜೇಸನ್’ ಎಂಬ ಬಗೆಯಲ್ಲಿ ಬರುತ್ತವೆ, ಮತ್ತು ಅವು ನಮಗೆ ಅತ್ಯಂತ ಬೇಕಾದ ಉತ್ತರಗಳು.

ಅನಿರೀಕ್ಷಿತ ಎಚ್‌ಟಿಎಂಎಲ್ ಎಲ್ಲಿಂದ ಬಂತೆಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಸರ್ವರ್ ಕಡೆಯ ತೊಂದರೆ ಸೂಚಿಸುವ 502, 503 ಅಥವಾ 504ರ ಜೊತೆ ಬಂದದ್ದಾದರೆ, ಅದು ಬಹುಮಟ್ಟಿಗೆ ಸರ್ವಿಸ್‌ನ ಮುಂದೆ ನಿಂತಿರುವ ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್ ಕೊಟ್ಟ ಪುಟ. ಕೋರಿಕೆಗೆ ಸರ್ವಿಸ್ ಸ್ವತಃ ಉತ್ತರಿಸಿಲ್ಲ. ಯಶಸ್ಸನ್ನು ಸೂಚಿಸುವ 200ರ ಜೊತೆ ಬರುವ ಎಚ್‌ಟಿಎಂಎಲ್ ಹೆಚ್ಚು ಅಪಾಯಕಾರಿ, ಏಕೆಂದರೆ ಸ್ಟೇಟಸ್ ಕೋಡ್ ಒಂದನ್ನೇ ನೋಡುವವರಿಗೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಪ್ರವೇಶಾಧಿಕಾರ ತೋರಿಸುವ ಟೋಕನ್‌ನ ಅವಧಿ ಮೀರಿದಾಗ ಸರ್ವರ್ ಕೆಲವೊಮ್ಮೆ 302 ಕೊಟ್ಟು ಲಾಗಿನ್ ಪುಟಕ್ಕೆ ಕಳುಹಿಸುತ್ತದೆ, ಲೈಬ್ರರಿ ತಾನಾಗಿಯೇ ಅದನ್ನು ಹಿಂಬಾಲಿಸುತ್ತದೆ, ನಮ್ಮ ಕೈಗೆ 200ರೊಡನೆ ಲಾಗಿನ್ ಪುಟ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನ ಫೆಚ್‌ನಲ್ಲಿಯೂ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿಯೂ ಈ ಹಾದಿಯಲ್ಲಿ ಪೋಸ್ಟ್ (ದತ್ತಾಂಶ ಕಳುಹಿಸುವ) ಕೋರಿಕೆ ಗೆಟ್ (ದತ್ತಾಂಶ ತರಿಸುವ) ಕೋರಿಕೆಯಾಗಿ ಬದಲಾಗುತ್ತದೆ. ಅಂತಿಮ ವಿಳಾಸವನ್ನು ನೋಡಬೇಕೆಂದದ್ದು ಇದಕ್ಕಾಗಿಯೇ. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಕೆಲವು ಸರ್ವರ್‌ಗಳು 404 ಕೊಡದೆ ವೆಬ್‌ಸೈಟಿನ ಮುಖಪುಟವನ್ನೇ ಕಳುಹಿಸುತ್ತವೆ. ಹೋಟೆಲ್ ಅಥವಾ ವಿಮಾನ ನಿಲ್ದಾಣದ ವೈಫೈನಲ್ಲಿ ಲಾಗಿನ್ ಕೇಳುವ ಪುಟವೂ, ಎನ್‌ಕ್ರಿಪ್ಟ್ ಆಗದ ಕೋರಿಕೆಗಳಿಗೆ, ಇದೇ ರೀತಿ ನಡುವೆ ನುಗ್ಗಬಹುದು.

ಕೋರಿಕೆಯಲ್ಲಿ, ಯಾವ ಬಗೆಯ ಉತ್ತರ ಬೇಕೆಂದು ಹೇಳುವ ಅಕ್ಸೆಪ್ಟ್ ಹೆಡರ್ ಇರಲಿ. ಆದರೆ ಅದನ್ನು ಪಾಲಿಸಲಾಗದ ಸರ್ವರ್ 406 (ಕೇಳಿದ ಬಗೆ ಕೊಡಲಾಗದೆಂಬ ಕೋಡ್) ಕೊಡದೆ ತನಗೆ ತೋಚಿದ ಬಗೆಯಲ್ಲೇ ಉತ್ತರಿಸಲು ಎಚ್‌ಟಿಟಿಪಿ ನಿಯಮದಲ್ಲಿ ಅವಕಾಶವಿರುವುದರಿಂದ, ಅದು ಪರಿಶೀಲನೆಗೆ ಬದಲಿಯಾಗದು.

ಫೆಚ್ ಆಗಲಿ ರಿಕ್ವೆಸ್ಟ್ಸ್ ಆಗಲಿ ಪಾರ್ಸ್ ಮಾಡುವ ಮುನ್ನ ಕಂಟೆಂಟ್-ಟೈಪನ್ನು ಪರಿಶೀಲಿಸುವುದಿಲ್ಲ. ಪೈಥಾನ್‌ನ ಇನ್ನೊಂದು ಲೈಬ್ರರಿಯಾದ ಎಐಒ-ಎಚ್‌ಟಿಟಿಪಿ (aiohttp) ಪರಿಶೀಲಿಸಿ ‘ಕಂಟೆಂಟ್ ಟೈಪ್ ಎರರ್’ ಎತ್ತುತ್ತದೆ. ಅದರ ಕಂಟೆಂಟ್-ಟೈಪ್ ಪ್ಯಾರಾಮೀಟರ್‌ಗೆ ‘ನನ್’ (None) ಕೊಟ್ಟು ಈ ಪರಿಶೀಲನೆಯನ್ನು ನಿಲ್ಲಿಸಿಬಿಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಒಳ್ಳೆಯ ಜೇಸನ್‌ಗೆ ‘ಟೆಕ್ಸ್ಟ್/ಪ್ಲೇನ್’ ಎಂಬ ತಪ್ಪು ಚೀಟಿ ಅಂಟಿಸುವ ಸರ್ವಿಸ್‌ಗಳು ನಿಜಕ್ಕೂ ಇವೆ, ಅಂಥ ಒಂದು ಸರ್ವಿಸ್‌ಗೆ ಮಾತ್ರ ಈ ವಿನಾಯಿತಿ ಕೊಡಬಹುದು. ಎಲ್ಲ ಕರೆಗಳಿಗೂ ಕೊಟ್ಟರೆ ಕಾರಣ ತಿಳಿಸುವ ಸ್ಪಷ್ಟ ದೋಷವನ್ನು ಕೈಯಾರೆ ಅಳಿಸಿದಂತಾಗುತ್ತದೆ. ಫೆಚ್‌ನಲ್ಲಿ ಒಡಲನ್ನು ಒಮ್ಮೆ ಮಾತ್ರ ಓದಲು ಸಾಧ್ಯ. ಆದ್ದರಿಂದ ಮೊದಲು ಅದನ್ನು ಪಠ್ಯವಾಗಿ ಓದಿಟ್ಟುಕೊಂಡು ಬಳಿಕ ಪಾರ್ಸ್ ಮಾಡಿ. ಪಾರ್ಸ್ ಸೋತರೂ ಏನು ಬಂದಿತ್ತೆಂಬುದು ಕೈಯಲ್ಲಿರುತ್ತದೆ.

ಕನ್ನಡ ಪಠ್ಯವನ್ನು ತರಿಸುವವರು ಚಾರ್‌ಸೆಟ್ ಬಗ್ಗೆಯೂ ಎಚ್ಚರ ವಹಿಸಬೇಕು. ‘ಟೆಕ್ಸ್ಟ್’ ಬಗೆಯ ಉತ್ತರದಲ್ಲಿ ಚಾರ್‌ಸೆಟ್ ನಮೂದಾಗಿರದಿದ್ದರೆ ರಿಕ್ವೆಸ್ಟ್ಸ್ ಲೈಬ್ರರಿ ಅದನ್ನು ಪಶ್ಚಿಮ ಯುರೋಪಿನ ಭಾಷೆಗಳ ಚಾರ್‌ಸೆಟ್ ಆದ ಐಎಸ್‌ಒ-8859-1 ಎಂದು ಭಾವಿಸುತ್ತದೆ. ಎಲ್ಲ ಲಿಪಿಗಳಿಗೂ ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ, ಒಂದೊಂದು ಸಂಕೇತವೂ ಮೂರು ಅರ್ಥಹೀನ ಚಿಹ್ನೆಗಳಾಗಿ ಒಡೆಯುತ್ತದೆ. ಬೈಟ್‌ಗಳನ್ನೇ ಪಡೆದು ಯುಟಿಎಫ್-8 ಎಂದು ಡಿಕೋಡ್ ಮಾಡಿದರೆ ಪಠ್ಯ ಸರಿಹೋಗುತ್ತದೆ.

ಬಗೆ ಹೊಂದದಿದ್ದಾಗ ಖಾಲಿ ಪಟ್ಟಿಯನ್ನೋ ಶೂನ್ಯವನ್ನೋ ಹಿಂದಿರುಗಿಸಬೇಡಿ, ಏಕೆಂದರೆ ಮುಂದಿನ ಕೋಡ್ ಅದನ್ನು ‘ದಾಖಲೆಗಳಿಲ್ಲ’ ಎಂದೇ ತಿಳಿಯುತ್ತದೆ. ಪ್ರತ್ಯೇಕ ದೋಷವೊಂದನ್ನು ಎತ್ತಿ, ಸ್ಟೇಟಸ್ ಕೋಡ್, ಅಂತಿಮ ವಿಳಾಸ, ಬಂದ ಬಗೆ ಮತ್ತು ಒಡಲಿನ ಮೊದಲ ಕೆಲವು ನೂರು ಅಕ್ಷರಗಳನ್ನು ಲಾಗ್‌ನಲ್ಲಿ ಬರೆಯಿರಿ; ಟೋಕನ್, ಪಾಸ್‌ವರ್ಡ್‌ಗಳು ಅದರಲ್ಲಿ ಸೇರದಿರಲಿ. 503ಕ್ಕೆ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅಷ್ಟು ಕಾಲ ಕಾದು ಮತ್ತೆ ಪ್ರಯತ್ನಿಸಬಹುದು. ಲಾಗಿನ್ ಪುಟ ಬಂದಿದ್ದರೆ ಎಷ್ಟು ಸಲ ಪ್ರಯತ್ನಿಸಿದರೂ ಪ್ರಯೋಜನವಿಲ್ಲ, ಟೋಕನ್ ಹೊಸದಾಗಬೇಕು. ಹಣ ಪಾವತಿಯಂಥ ಪೋಸ್ಟ್ ಕೋರಿಕೆಗೆ 504 (ಸಮಯಕ್ಕೆ ಉತ್ತರ ಸಿಗಲಿಲ್ಲವೆಂಬ ಕೋಡ್) ಬಂದಾಗ ಕೆಲಸ ಅಲ್ಲಿ ಆಗಿರಲೂಬಹುದಾದ್ದರಿಂದ, ಸ್ಥಿತಿಯನ್ನು ವಿಚಾರಿಸದೆ ಮತ್ತೆ ಕಳುಹಿಸಲೇಬಾರದು.