ಸರ್ವರ್ ಕರ್ನಲ್‌ನಲ್ಲಿ ಯಾವ ಡ್ರೈವರ್ ಇರಲಿ, ಯಾವುದು ಹೋಗಲಿ?

ಲಿನಕ್ಸ್ ಸರ್ವರ್‌ಗೆ ಕರ್ನಲನ್ನು (ಸಿಸ್ಟಮ್‌ನ ತಿರುಳು) ನಾವೇ ಕಂಪೈಲ್ ಮಾಡುವಾಗ ಬರುವ ಪ್ರಶ್ನೆ ಇದು. ಮಾಡ್ಯೂಲ್ ಅಂದರೆ ಬೇಕಾದಾಗ ಮಾತ್ರ ಲೋಡ್ ಆಗುವ ಡ್ರೈವರಿನಂಥ ಕರ್ನಲ್ ತುಂಡು. ಮೊದಲೇ ಹೇಳಿಬಿಡುತ್ತೇನೆ. ಮಾಡ್ಯೂಲ್‌ಗಳನ್ನು ತೆಗೆದ ಮಾತ್ರಕ್ಕೆ ಸರ್ವರ್ ವೇಗವಾಗುವುದಿಲ್ಲ. ಲೋಡ್ ಆಗದ ಮಾಡ್ಯೂಲ್ ಡಿಸ್ಕ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ, ಅಷ್ಟೇ. ತೆಗೆದರೆ ಸಿಗುವ ಲಾಭ ಬೇರೆ: ಕಂಪೈಲ್ ಬೇಗ ಮುಗಿಯುತ್ತದೆ, ದಾಳಿಗೆ ಸಿಗುವ ಕೋಡ್ ಕಡಿಮೆಯಾಗುತ್ತದೆ. ಹಾಗಾಗಿ ಅನುಮಾನ ಬಂದದ್ದನ್ನು ನಾನು ಉಳಿಸಿಕೊಳ್ಳುತ್ತೇನೆ.

ಡಿಸ್ಟ್ರೋ (ಉಬುಂಟು, ಡೆಬಿಯನ್‌ನಂಥದ್ದು) ಜೊತೆ ಬಂದ ಕರ್ನಲ್‌ನಲ್ಲೇ ಬೂಟ್ ಮಾಡಿ, 'ಎಲ್‌ಎಸ್‌ಪಿಸಿಐ -ಕೆ' ಓಡಿಸಿ. ಯಾವ ಕಾರ್ಡಿಗೆ ಯಾವ ಡ್ರೈವರ್ ಅಂತ ಕಾಣುತ್ತದೆ. ಆ ಕರ್ನಲ್‌ನ ಕಾನ್ಫಿಗ್ ಫೈಲನ್ನು ಸೋರ್ಸ್ ಫೋಲ್ಡರಿಗೆ ನಕಲು ಮಾಡಿ, 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಡಿ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳಷ್ಟೇ ಉಳಿಯುತ್ತವೆ.

ಎಚ್ಚರ ಬೇಕಾದದ್ದು ಇಲ್ಲೇ. ಇವತ್ತು ಲೋಡ್ ಆಗದ್ದು ಸರ್ವರ್ ಕೈಕೊಟ್ಟ ದಿನ ಬೇಕಾಗುತ್ತದೆ. "ಸರ್ವರ್‌ಗೆ ಯುಎಸ್‌ಬಿ ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ಬಿಎಂಸಿ (ಸರ್ವರನ್ನು ದೂರದಿಂದ ನಿಭಾಯಿಸಲು ಬೋರ್ಡಿನಲ್ಲೇ ಇರುವ ಚಿಕ್ಕ ಕಂಪ್ಯೂಟರ್) ಮೂಲಕ ದೂರದಿಂದ ಕನ್ಸೋಲ್ ತೆರೆದಾಗ, ಸಾಮಾನ್ಯವಾಗಿ ಆ ಕೀಬೋರ್ಡ್ ಕರ್ನಲ್‌ಗೆ ಯುಎಸ್‌ಬಿ ಕೀಬೋರ್ಡಾಗಿಯೇ ಕಾಣುವುದು. ಅಲ್ಲಿಂದ ಹಾಕುವ ಐಎಸ್‌ಒ (ಸಿಡಿಯ ಇಮೇಜ್ ಫೈಲ್) ಯುಎಸ್‌ಬಿ ಸಿಡಿ ಡ್ರೈವ್ ಆಗಿ ಕಾಣುತ್ತದೆ. ತೆಗೆದುಬಿಟ್ಟರೆ ಪರದೆಯಲ್ಲಿ ಲಾಗಿನ್ ಕಾಣುತ್ತದೆ, ಟೈಪ್ ಮಾಡೋಕಾಗಲ್ಲ! ಯುಎಸ್‌ಬಿ ಕಂಟ್ರೋಲರ್‌ಗಳ ಎಕ್ಸ್‌ಎಚ್‌ಸಿಐ, ಇಎಚ್‌ಸಿಐ, ಕೀಬೋರ್ಡಿನ ಎಚ್‌ಐಡಿ, ಯುಎಸ್‌ಬಿ ಸ್ಟೋರೇಜ್, ಎಸ್‌ಸಿಎಸ್‌ಐ ಸಿಡಿ-ರಾಮ್, ಸಿಡಿಯ ಫೈಲ್‌ಸಿಸ್ಟಮ್ ಆದ ಐಎಸ್‌ಒ 9660 ಇರಲಿ. 8250 ಸೀರಿಯಲ್ ಕನ್ಸೋಲ್ (ಸೀರಿಯಲ್ ಪೋರ್ಟ್ ಮೂಲಕ ಬರುವ ಕನ್ಸೋಲ್) ಬೇಕಿದ್ದರೆ ಆ ಡ್ರೈವರನ್ನು ಮಾಡ್ಯೂಲ್ ಮಾಡದೆ ಕರ್ನಲ್ ಒಳಗೇ ಸೇರಿಸಿ.

ರೂಟ್ ಡಿಸ್ಕ್‌ನ (ಸಿಸ್ಟಮ್ ಇರುವ ಡಿಸ್ಕ್) ಕಂಟ್ರೋಲರ್ ಮತ್ತು ಫೈಲ್‌ಸಿಸ್ಟಮ್, ಅಂದರೆ ಎನ್‌ವಿಎಂಇ ಅಥವಾ ಎಎಚ್‌ಸಿಐ, ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್, ಇವನ್ನು ನಾನು ಯಾವಾಗಲೂ ಕರ್ನಲ್ ಒಳಗೇ ಇಡುತ್ತೇನೆ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್‌ಸಿಸ್ಟಮ್; ಮಾಡ್ಯೂಲ್‌ಗಳು ಅದರಲ್ಲಿರುತ್ತವೆ) ಇಲ್ಲದಿದ್ದರೆ ಬೇರೆ ದಾರಿಯೂ ಇಲ್ಲ. ನೆಟ್‌ವರ್ಕ್ ಕಾರ್ಡ್ ಮಾತ್ರ ಮಾಡ್ಯೂಲ್ ಆಗಿದ್ದರೆ ಒಳ್ಳೆಯದು. ಕೆಲವು ಕಾರ್ಡುಗಳಿಗೆ ಫರ್ಮ್‌ವೇರ್ ಫೈಲ್ ಬೇಕು, ರೂಟ್ ಮೌಂಟ್ ಆಗುವ ಮೊದಲು ಅದು ಸಿಗದೇ ಹೋಗಬಹುದು. ಸ್ಟೋರ್‌ರೂಮಿನಲ್ಲಿ ಬೇರೆ ಕಂಪನಿಯ ಬಿಡಿ ಕಾರ್ಡ್ ಇದೆಯಾ? ಅದರ ಡ್ರೈವರೂ ಇರಲಿ.

ಇಡ್ಯಾಕ್ ಬಿಡಬೇಡಿ. ಇಸಿಸಿ (ತಪ್ಪು ಪತ್ತೆಮಾಡಿ ಸರಿಪಡಿಸುವ) ಮೆಮೊರಿಯ ತಪ್ಪುಗಳನ್ನು ವರದಿ ಮಾಡುವುದು ಅದೇ. ಬಿಎಂಸಿಯೊಂದಿಗೆ ಮಾತಾಡುವ ಐಪಿಎಂಐ, ಸರ್ವರ್ ಸ್ಥಗಿತವಾದರೆ ರೀಬೂಟ್ ಮಾಡುವ ವಾಚ್‌ಡಾಗ್, ತಾಪಮಾನದ ಸೆನ್ಸರ್‌ಗಳೂ ಹಾಗೆಯೇ.

ಸೌಂಡ್, ವೈಫೈ, ಬ್ಲೂಟೂತ್, ಟಿವಿ ಕಾರ್ಡ್ ಯೋಚಿಸದೆ ತೆಗೆಯಿರಿ. ಎಎಂಡಿಯ ಜಿಪಿಯು ಇಲ್ಲದಿದ್ದರೆ ಅದರ ಡ್ರೈವರ್ ಎಎಂಡಿಜಿಪಿಯು ಕೂಡ. ಅದೊಂದೇ ಕಂಪೈಲ್ ಸಮಯವನ್ನು ಜಾಸ್ತಿ ನುಂಗುತ್ತದೆ. ಬಿಎಂಸಿಯ ವಿಡಿಯೋ ಚಿಪ್‌ನ ಡ್ರೈವರನ್ನು ಮುಟ್ಟಬೇಡಿ, ಸಾಮಾನ್ಯವಾಗಿ ಅದು ಎಎಸ್‌ಟಿ ಅಥವಾ ಎಂಜಿಎ ಜಿ200.

ಹೊಸ ಕರ್ನಲನ್ನು ತಕ್ಷಣ ಡೀಫಾಲ್ಟ್ ಮಾಡಬೇಡಿ. ಗ್ರಬ್‌ನಲ್ಲಿ (ಬೂಟ್ ಆಗುವಾಗ ಕರ್ನಲ್ ಆರಿಸುವ ಬೂಟ್‌ಲೋಡರ್) ಡೀಫಾಲ್ಟನ್ನು 'ಸೇವ್ಡ್' ಮಾಡಿ ಹಳೆಯ ಕರ್ನಲ್ ಅನ್ನೇ ಆರಿಸಿಟ್ಟು, 'ಗ್ರಬ್-ರೀಬೂಟ್' ಮೂಲಕ ಹೊಸದನ್ನು ಒಂದೇ ಸಲ ಬೂಟ್ ಮಾಡಿ. ಬೂಟ್ ಸಾಲಿಗೆ 'ಪ್ಯಾನಿಕ್=30' ಸೇರಿಸಿ. ರೂಟ್ ಸಿಗದೆ ಕರ್ನಲ್ ಪ್ಯಾನಿಕ್ ಆದರೆ (ಮುಂದುವರಿಯಲಾಗದೆ ನಿಂತರೆ), 30 ಸೆಕೆಂಡಿನ ನಂತರ ತಾನೇ ರೀಬೂಟ್ ಆಗಿ ಹಳೆಯ ಕರ್ನಲ್‌ಗೆ ಮರಳುತ್ತದೆ.